ಅಜ್ಜಿಯ ಎದುರು ಎತ್ತಿಕೊಳ್ಳುವಂತಿಲ್ಲ

ಹೆತ್ತ ಅಪ್ಪನನ್ನು ನಾನು ಕೊನೆಯವರೆಗೂ ಚಿಕ್ಕಪ್ಪ ಎಂದೇ ಕರೆದೆ. ಹೀಗೆಂದ ಕೂಡಲೇ ಕೇಳಿದವರು ಇದರ ಹಿಂದೆ ಏನೋ ದೊಡ್ಡ ಕಥೆ ಇರಬೇಕೆಂದು ಕಿವಿ ನಿಮಿರಿಸುತ್ತಾರೆ. ಅಂಥದ್ದೇನೂ ಇಲ್ಲ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದು ಗೊತ್ತಿರುವ ವಿಷಯವೇ. ಅಜ್ಜಂಪುರದ ನಮ್ಮ ಮನೆಯಲ್ಲಿ ದೊಡ್ಡಪ್ಪನ ಗಂಡುಮಕ್ಕಳು ನನಗಿಂತ ಮೊದಲೇ ಹುಟ್ಟಿ ಮಾತು ಕಲಿತಿದ್ದರು. ಅವರು ತಮ್ಮ ಅಪ್ಪನನ್ನು ಅಪ್ಪ ಎಂದರು, ನಾನೂ ಅವರನ್ನೇ ಅಪ್ಪ ಎಂದೆ. ನಮ್ಮಪ್ಪನನ್ನು ಚಿಕ್ಕಪ್ಪ ಎಂದರು, ನಾನೂ ಹಾಗೇ ಎಂದೆ. ತಿದ್ದಬೇಕಾಗಿದ್ದ ಮನುಷ್ಯ ಹಿಮದ ಬೆಟ್ಟಗಳ ಯಾವುದೋ ರಸ್ತೆಯಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದರು. ಓದುವವರಿಗೆ ಗೊಂದಲ ಬೇಡವೆಂದು ಇಲ್ಲಿ ದೊಡ್ಡಪ್ಪನನ್ನು ದೊಡ್ಡಪ್ಪ ಎಂದೂ ಅಪ್ಪನನ್ನು ಅಪ್ಪ ಎಂದೂ ಬರೆಯುತ್ತೇನೆ. ಇಬ್ಬರೂ ಇದ್ದಿದ್ದರೆ ಇದೇನು ಹೊಸ ಪದ್ಧತಿ ಎಂದು ನಗುತ್ತಿದ್ದರು.

ಇದಕ್ಕೆ ಇನ್ನೊಂದು ಕಾರಣವೂ ಇತ್ತು, ಅದು ನಮ್ಮಜ್ಜಿ. ಹಿರಿಯರ ಎದುರು ಗಂಡಸು ತನ್ನ ಮಗುವನ್ನು ತಾನು ಎತ್ತಿಕೊಳ್ಳಬಾರದು ಎಂಬುದು ಆಕೆಯ ಕಾಲದ ಮರ್ಯಾದೆ. ಎಲ್ಲರೆದುರು ಹೆಂಡತಿಯ ಕೈ ಹಿಡಿಯುವುದಕ್ಕೂ ಇದಕ್ಕೂ ಆಕೆಯ ಲೆಕ್ಕದಲ್ಲಿ ವ್ಯತ್ಯಾಸವಿರಲಿಲ್ಲ. ಅಣ್ಣನ ಮಕ್ಕಳನ್ನು ತಮ್ಮ ಎತ್ತಿಕೊಳ್ಳಬಹುದು, ತಮ್ಮನ ಮಕ್ಕಳನ್ನು ಅಣ್ಣ ಎತ್ತಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಅಜ್ಜಿಯ ಕಣ್ಣು ತಪ್ಪಿಸೋಣವೆಂದರೆ ಆಕೆ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಜಗಲಿಯ ಮೇಲೆ ಮೊರ ಹಿಡಿದು ಕೂತೇ ಇರುತ್ತಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಪ್ರೀತಿ ಅಡ್ಡಡ್ಡ ಹರಿಯುತ್ತಿತ್ತು. ನಾನು ಬೆಳೆದದ್ದು ದೊಡ್ಡಪ್ಪನ ಸೊಂಟದ ಮೇಲೆ. ಅವರದು ಈರುಳ್ಳಿ ಮಂಡಿ. ಈಗಲೂ ಈರುಳ್ಳಿ ಮೂಟೆಯ ವಾಸನೆ ಬಂದರೆ ನನಗೆ ಯಾರೋ ಎತ್ತಿಕೊಂಡ ಹಾಗಾಗುತ್ತದೆ.

ಅಪ್ಪ ವರ್ಷಕ್ಕೊಮ್ಮೆ ರಜೆಯ ಮೇಲೆ ಬರುತ್ತಿದ್ದರು. ಬೀರೂರಿನ ಕಡೆಯಿಂದ ರೈಲು ಬಂದು ನಿಂತರೆ ಮೊದಲು ಇಳಿಯುತ್ತಿದ್ದದ್ದು ಕಪ್ಪು ಟ್ರಂಕು, ಆಮೇಲೆ ಸುತ್ತಿದ ಹಾಸಿಗೆ, ಕೊನೆಗೆ ಅಪ್ಪ. ಟ್ರಂಕಿನಲ್ಲಿ ಒಣದ್ರಾಕ್ಷಿ, ಅಕ್ರೋಟು, ಅಜ್ಜಿಗೆ ಉಣ್ಣೆಯ ಶಾಲು ಇರುತ್ತಿದ್ದವು. ಊರಿನ ಕೆಲವರು ಬೇರೆ ಏನಾದರೂ ಇದ್ದೀತೆಂದು ಸಂಜೆ ಹೊತ್ತು ಕ್ಷೇಮ ಸಮಾಚಾರ ವಿಚಾರಿಸಲು ಬರುತ್ತಿದ್ದರು. ಅಪ್ಪ ಅವರಿಗೆಲ್ಲ ಒಂದೊಂದು ಅಕ್ರೋಟು ಕೊಟ್ಟು ಕಳಿಸುತ್ತಿದ್ದರು. ಅಣ್ಣಂದಿರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಸೂರಿಗೆ ತಲೆ ತಾಗುವಷ್ಟು ಮೇಲಕ್ಕೆ ಹಾರಿಸಿ ಹಿಡಿಯುತ್ತಿದ್ದರು. ನನ್ನ ಸರದಿ ಬಂದಾಗ ಎರಡೂ ಕೈ ಪ್ಯಾಂಟಿನ ಜೇಬಿಗೆ ಹೋಗುತ್ತಿದ್ದವು. ಈ ಮನುಷ್ಯನಿಗೆ ಹೆಣ್ಣುಮಕ್ಕಳೆಂದರೆ ಆಗುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ನನಗೂ ಆಗ ಮೂಗಿನ ತುದಿಯಲ್ಲೇ ಕೋಪ. ನಾನೂ ಅವರ ಕಡೆ ತಿರುಗಿ ನೋಡದೆ ದ್ರಾಕ್ಷಿ ತಿನ್ನುತ್ತಿದ್ದೆ.

ಒಂದು ರಜೆಯಲ್ಲಿ ಅಪ್ಪ ಹೊಸದೊಂದು ಕಸರತ್ತು ಶುರುಮಾಡಿದರು. ಬೆಳಗ್ಗೆ ಹಿತ್ತಲಿನ ಬಾವಿಯಿಂದ ಹುಲ್ಲಿನ ಬಣವೆಯವರೆಗೆ ಮಕ್ಕಳನ್ನು ಒಬ್ಬೊಬ್ಬರಾಗಿ ಬೆನ್ನ ಮೇಲೆ ಹೊರುವುದು. ಮಿಲಿಟರಿಯಲ್ಲಿ ಜೊತೆಗಾರ ಗಾಯಗೊಂಡು ಬಿದ್ದರೆ ಹೊತ್ತು ತರಬೇಕಾಗುತ್ತದೆ, ರಜೆಯಲ್ಲಿ ಅಭ್ಯಾಸ ತಪ್ಪಿದರೆ ಮೇಲಿನವರು ಬೈಯುತ್ತಾರೆ ಎಂದು ಅಜ್ಜಿಗೆ ವಿವರಿಸಿದರು. ಸರ್ಕಾರವೆಂದರೆ ಅಜ್ಜಿಗೆ ದೇವರಿಗಿಂತ ಒಂದು ಕೈ ಹೆಚ್ಚೇ ಭಯ. ಸರ್ಕಾರದ ಕೆಲಸ ಎಂದ ಮೇಲೆ ಮಾಡಲೇಬೇಕಲ್ಲ ಎಂದು ಒಪ್ಪಿದಳು. ಅಣ್ಣಂದಿರು ಸಾಲಾಗಿ ನಿಂತರು. ಅಪ್ಪ ಅವರನ್ನು ಹೊತ್ತು ಓಡಿಯೇ ಓಡಿದರು. ಕೊನೆಯವಳು ನಾನು. ನನ್ನನ್ನು ಬೆನ್ನಿಗೇರಿಸಿಕೊಂಡವರು ಮಾತ್ರ ಓಡಲಿಲ್ಲ, ಮೆಲ್ಲಗೆ ನಡೆದರು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಕೊನೆಗೆ ನನಗೆ ತಡೆಯಲಿಲ್ಲ. ಅವರನ್ನೆಲ್ಲ ಹೊತ್ತು ಓಡಿ, ನನ್ನನ್ನು ಹೊತ್ತಾಗ ಮಾತ್ರ ಯಾಕೆ ನಡೆಯುವುದೆಂದು ಬೆನ್ನ ಮೇಲಿಂದಲೇ ಜಗಳ ತೆಗೆದೆ.

"ಗಾಯ ಜಾಸ್ತಿ ಆದೋರ್ನ ನಿಧಾನ್ವಾಗೇ ಹೊರ್ಬೇಕು ಕಣವ್ವ," ಎಂದರು.

ದಿನಾ ನನಗೇ ಯಾಕೆ ಜಾಸ್ತಿ ಗಾಯವಾಗಬೇಕೆಂದು ನಾನು ಮತ್ತಷ್ಟು ಸಿಡುಕಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡದ್ದು ನೆನಪಿದೆ. ನಗುತ್ತಿದ್ದಾಳೆಂದು ಅಂದುಕೊಂಡಿದ್ದೆ. ನಗು ಅಲ್ಲ ಎಂದು ಅಮ್ಮನೇ ಎಷ್ಟೋ ವರ್ಷದ ಮೇಲೆ ಹೇಳಿದಳು.

ಆಮೇಲೆ ಯುದ್ಧದ ವರ್ಷ ಬಂತು. ಅಪ್ಪನ ಸುದ್ದಿ ನಿಂತುಹೋಯಿತು. ಮಂಡಿಯಲ್ಲಿ ಒಂದು ರೇಡಿಯೋ ಇತ್ತು. ದೊಡ್ಡಪ್ಪ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ವ್ಯಾಪಾರ ಬಿಟ್ಟು ವಾರ್ತೆ ಕೇಳುತ್ತಿದ್ದರು. ಕೇಳಿದ್ದರಲ್ಲಿ ಎಷ್ಟು ಅರ್ಥವಾಗುತ್ತಿತ್ತೋ, ಮನೆಗೆ ಬಂದು ಅಮ್ಮನಿಗೆ ಕೇಳಿಸುವ ಹಾಗೆ ಏನೂ ಆಗಿಲ್ಲವಂತೆ ಎಂದು ಗೋಡೆಗೆ ಹೇಳುತ್ತಿದ್ದರು. ತಮ್ಮನ ಹೆಂಡತಿಯ ಹತ್ತಿರ ನೇರವಾಗಿ ಮಾತಾಡುವುದೂ ಅಜ್ಜಿ ಒಪ್ಪುವ ಪಟ್ಟಿಯಲ್ಲಿ ಇರಲಿಲ್ಲ. ಯುದ್ಧ ಮುಗಿದು ಅಪ್ಪ ಬಂದ ದಿನ ಮನೆ ಮಂದಿಯೆಲ್ಲ ಸ್ಟೇಷನ್ನಿಗೆ ಹೋದೆವು. ಯಾವತ್ತೂ ಜಗಲಿ ಬಿಟ್ಟು ಇಳಿಯದ ಅಜ್ಜಿಯೂ ಬಂದಳು. ದೊಡ್ಡಪ್ಪ ನನ್ನನ್ನು ಕೆಳಗೆ ಬಿಟ್ಟು ಓಡಿ ಹೋಗಿ ತಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಅಣ್ಣನ ಭುಜದ ಮೇಲಿಂದ ಅಪ್ಪ ನನ್ನನ್ನೇ ನೋಡುತ್ತಿದ್ದರು. ಹತ್ತಿರ ಬಂದರು, ಅಜ್ಜಿಯ ಕಾಲು ಮುಟ್ಟಿದರು, ನನ್ನ ಪಕ್ಕದಲ್ಲಿದ್ದ ಕಿರಿಯಣ್ಣನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಸಾವಿನ ಬಾಯಿಂದ ಬಂದವನೂ ಪದ್ಧತಿ ಮುರಿಯಲಿಲ್ಲ. ಆ ದಿನ ಒಲೆಯ ಮುಂದೆ ಕೂತು ಅಮ್ಮನನ್ನು ಒಂದೇ ಮಾತು ಕೇಳಿದರಂತೆ: "ಅವ್ಳು ನನ್ ಗುರ್ತು ಹಿಡಿದ್ಲಾ?"

ಇನ್ನೂ ಕೆಲವು ವರ್ಷ ಬಿಟ್ಟು ಅಪ್ಪ ಪೂರ್ತಿ ಊರಿಗೆ ಬಂದರು. ಖಾಸಗಿ ಬಸ್ಸೊಂದಕ್ಕೆ ಡ್ರೈವರ್ ಆದರು. ತರೀಕೆರೆಯಿಂದ ಹೊರಟು ಅಜ್ಜಂಪುರ, ಬೀರೂರು ಹಾದು ಕಡೂರಿಗೆ, ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್ಸು. ನಾಲ್ಕೂ ಊರಿನವರು ಅವರನ್ನು ಮಿಲಿಟರಿ ಎಂದೇ ಕರೆಯುತ್ತಿದ್ದರು. ಯುದ್ಧದ ಕಥೆ ಹೇಳಿ ಎಂದು ಹಿಂದಿನ ಸೀಟಿನಿಂದ ಯಾರಾದರೂ ಕೂಗಿದರೆ, ಅಲ್ಲಿ ರೊಟ್ಟಿ ಕಲ್ಲಿನಂತಿರುತ್ತಿತ್ತು, ಚಹಾ ಮಾತ್ರ ಚೆನ್ನಾಗಿರುತ್ತಿತ್ತು ಎಂದು ಮುಗಿಸಿಬಿಡುತ್ತಿದ್ದರು. ಹೊಡೆದಾಟದ ಕಥೆಗೆ ಕಾಯುತ್ತಿದ್ದವರಿಗೆ ನಿರಾಸೆ.

ಮನೆಯಲ್ಲಿ ಅವರ ಶಿಸ್ತು ಬೇರೆ ಥರದ್ದು. ಎದ್ದವರು ತಮ್ಮ ಹಾಸಿಗೆ ತಾವೇ ಸುತ್ತಿಡಬೇಕು, ಇಲ್ಲದಿದ್ದರೆ ಬೈಯುತ್ತಿರಲಿಲ್ಲ, ತಾವೇ ಬಂದು ಸುತ್ತುತ್ತಿದ್ದರು, ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ನಮ್ಮೆಲ್ಲರ ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಅಮ್ಮನಿಗೂ ದೊಡ್ಡಮ್ಮನಿಗೂ ಎದ್ದ ಕೂಡಲೇ ಚಹಾ ಸಿದ್ಧವಿರುತ್ತಿತ್ತು. ಅಜ್ಜಿಗೆ ಇದು ಸರಿಬರಲಿಲ್ಲ. ಆದರೆ ಗಂಡಸು ಚಹಾ ಕಾಯಿಸಬಾರದೆಂಬ ನಿಯಮವನ್ನು ಯಾರೂ ಮಾಡಿಟ್ಟಿರಲಿಲ್ಲ, ಕಾಯಿಸಿಯಾನೆಂದು ಯಾರಿಗೂ ಹೊಳೆದಿರಲೇ ಇಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತನಗೂ ಒಂದು ಲೋಟ ಬೇಕೆಂದಳು.

ಹೀಗೆ ಅಪ್ಪ ಎಲ್ಲರಿಗೂ ಸಿಕ್ಕಿದರು. ನನ್ನ ಪಾಲಿಗೆ ಮಾತ್ರ ಕಾಲ ಮೀರಿತ್ತು. ಎತ್ತಿಕೊಳ್ಳುವ ವಯಸ್ಸು ದಾಟಿ ನಾನು ಲಂಗ ದಾವಣಿ ಹಾಕುತ್ತಿದ್ದೆ. ಅವರೇ ನನ್ನ ತಂದೆ ಎಂದು ತಲೆಗೆ ಚೆನ್ನಾಗಿ ಗೊತ್ತಿತ್ತು, ನಾಲಿಗೆ ಆಗಲೇ ಗಟ್ಟಿಯಾಗಿತ್ತು. ಇದಕ್ಕಾಗಿ ನಾನು ಎದೆ ಬಡಿದುಕೊಳ್ಳಲು ಹೋಗುವುದಿಲ್ಲ. ಮಾತು ಕಲಿಯುವಾಗ ಮಗು ಯಾರನ್ನು ಕೇಳಿ ಕಲಿಯುತ್ತದೆ? ಅಮ್ಮ ಒಮ್ಮೆ ಅಪ್ಪನನ್ನೇ ಗದರಿದಳು. ಅವಳಿಗೆ ಹೇಳಿಕೊಡಬಾರದೇ, ಎಷ್ಟು ದಿನ ಹೀಗೆ ಎಂದಳು. ನಾನು ಗೋಡೆಯ ಆಚೆ ಹೂ ಕಟ್ಟುತ್ತಿದ್ದೆ.

"ನಾನಿಲ್ದಾಗ ಸಾಕ್ದೋನು ಅಣ್ಣ. ಈಗ ಬಂದ್ಬಿಟ್ಟು ಇವ್ಳು ನಂದು ಅಂದ್ರೆ ಅವ್ನಿಗೆ ಹೆಂಗಾಗ್ಬೇಡ? ಏನಾದ್ರೂ ಕರೀಲಿ ಬಿಡು, ಓ ಅಂತೀನಿ," ಎಂದರು ಅಪ್ಪ.

ನಾನು ಕಡೂರಿನ ಕಾಲೇಜಿಗೆ ಸೇರಿದಾಗ ಅವರ ಬಸ್ಸಿನಲ್ಲೇ ಓಡಾಟ. ಡ್ರೈವರ್ ಹಿಂದಿನ ಕಿಟಕಿ ಸೀಟಿನ ಮೇಲೆ ತರೀಕೆರೆಯಲ್ಲೇ ತಮ್ಮ ಟವೆಲ್ ಮಡಿಸಿ ಇಟ್ಟು ತರುತ್ತಿದ್ದರು. ಯಾರಾದರೂ ಕೂರಲು ಹೋದರೆ ಕಂಡಕ್ಟರ್, ಅದು ಮಿಲಿಟರಿ ಟವೆಲ್ ಕಣ್ರೀ, ಮುಟ್ಟಬೇಡಿ ಎಂದು ಹೆದರಿಸುತ್ತಿದ್ದ. ನಾನು ಟವೆಲ್ ಎತ್ತಿ ಕೂತ ಮೇಲೆ ಬಸ್ಸು ಹೊರಡುತ್ತಿತ್ತು. ಕಡೂರಿನವರೆಗೂ ಅವರು ರಸ್ತೆ ನೋಡುತ್ತಿದ್ದರು, ನಾನು ಕಿಟಕಿಯಾಚೆ. ಎದುರಿನ ಸಣ್ಣ ಕನ್ನಡಿಯಲ್ಲಿ ಆಗಾಗ ಅವರ ಕಣ್ಣು ಕಾಣಿಸುತ್ತಿತ್ತು.

ಒಂದು ದಿನ ಮುಂದೆ ಕೂತಿದ್ದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಮಗಳೇನ್ರೀ ಎಂದು ಅಪ್ಪನನ್ನು ಕೇಳಿದಳು. ಹೆಣ್ಣು ಹುಡುಕುತ್ತಿದ್ದವರ ಕಡೆಯವಳಿರಬೇಕು. ನಾನು ಕಿಟಕಿಯಾಚೆ ನೋಡುತ್ತ ಕಿವಿಯನ್ನೆಲ್ಲ ಇತ್ತ ಇಟ್ಟೆ. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಅಲ್ಲಿ ಅಜ್ಜಿಯೂ ಇರಲಿಲ್ಲ, ದೊಡ್ಡಪ್ಪನೂ ಇರಲಿಲ್ಲ.

"ನಮ್ಮನೆ ಮಗು," ಎಂದರು ಅಪ್ಪ.

ನನಗೆ ಉರಿದುಹೋಯಿತು. ಮನೆ ಮಗುವಂತೆ. ಮನೆಯಲ್ಲಿ ಕರುವೂ ಇದೆ, ಬೆಕ್ಕಿನ ಮರಿಯೂ ಇದೆ. ಕಡೂರಿನಲ್ಲಿ ಇಳಿದವಳು ಹಿಂದೆ ತಿರುಗದೆ ನಡೆದೆ. ನನಗೆ ಅಷ್ಟು ನೋವಾಗುತ್ತದೆಂದು ನನಗೇ ಗೊತ್ತಿರಲಿಲ್ಲ. ಚಿಕ್ಕಪ್ಪ ಎಂದು ಕರೆಯುತ್ತಲೇ, ಆ ಮನುಷ್ಯ ಒಂದೇ ಒಂದು ಸಲ ನಾಲ್ಕು ಜನರ ಎದುರು ಇವಳು ನನ್ನ ಮಗಳು ಎನ್ನಲಿ ಎಂದು ನಾನು ಯಾವಾಗಿನಿಂದಲೋ ಕಾಯುತ್ತಿದ್ದೆ. ಸಂಜೆ ಬಸ್ಸು ಹತ್ತಿದರೆ ಟವೆಲ್ಲಿನ ಮೇಲೆ ಖಾರ ಮಂಡಕ್ಕಿಯ ಪೊಟ್ಟಣವಿತ್ತು. ತಿಂದೆ. ಸಿಟ್ಟು ಬೇರೆ, ಖಾರ ಮಂಡಕ್ಕಿ ಬೇರೆ.

ಓದು ಮುಗಿದ ಮೇಲೆ ತರೀಕೆರೆಯ ಕಡೆ ಸಂಬಂಧ ಕೂಡಿಬಂತು. ಮದುವೆ ಅಲ್ಲಿಯ ಛತ್ರದಲ್ಲಿ. ನಮ್ಮ ಕಡೆ ಹುಡುಗಿಯನ್ನು ಹಸೆಮಣೆಗೆ ಸೋದರಮಾವ ಎತ್ತಿಕೊಂಡು ತರಬೇಕು, ಹುಡುಗಿಯ ಕಾಲು ನೆಲಕ್ಕೆ ತಾಗಕೂಡದು. ಅಮ್ಮನಿಗೆ ಇದ್ದದ್ದು ಒಬ್ಬನೇ ತಮ್ಮ, ಎಮ್ಮೆದೊಡ್ಡಿಯ ಕಡೆಯವನು, ಆಳೆತ್ತರದ ಮನುಷ್ಯ. ಅವನು ಹಿಂದಿನ ದಿನ ಮಧ್ಯಾಹ್ನ ಕೋಲೂರಿಕೊಂಡು ಬಸ್ಸಿನಿಂದ ಇಳಿದ. ಹುಲ್ಲುಗಾವಲಿನ ಹೋರಿಯೊಂದು ತಳ್ಳಿ ಕಾಲು ಮುರಿದು, ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದರು. ಮದುವೆ ನಿಂತೀತೆಂದು ಹೆದರಿ ಯಾರಿಗೂ ಹೇಳಿ ಕಳಿಸಿರಲಿಲ್ಲವಂತೆ. ಕೈ ಹಿಡಿದು ನಡೆಸಿಕೊಂಡು ಬಂದರೂ ಆಗುತ್ತದೆ, ಈಗ ಎಷ್ಟೋ ಕಡೆ ಹಾಗೇ ಮಾಡುತ್ತಾರೆ ಎಂದು ಪುರೋಹಿತರು ಹೇಳಿದರು. ಅಜ್ಜಿ ಒಪ್ಪಲಿಲ್ಲ. ನಮ್ಮ ಮನೆಯ ಹೆಣ್ಣು ನಡೆದುಕೊಂಡು ಹಸೆಮಣೆಗೆ ಹೋಗುವುದಿಲ್ಲ ಎಂದಳು.

ಬೆಳಗ್ಗೆ ಮುಹೂರ್ತ ಹತ್ತಿರ ಬಂದರೂ ಅದು ತೀರ್ಮಾನವಾಗಿರಲಿಲ್ಲ. ಛತ್ರದ ಪಕ್ಕದ ಕೋಣೆಯಲ್ಲಿ ನಾನು ಮಣೆಯ ಮೇಲೆ ಸಿಂಗರಿಸಿಕೊಂಡು ಕೂತಿದ್ದೆ, ಬಾಗಿಲಲ್ಲಿ ಮನೆಯವರೆಲ್ಲ ಗುಂಪುಗಟ್ಟಿದ್ದರು. ದೊಡ್ಡಪ್ಪನಿಗೆ ಆಗಲೇ ಎದೆನೋವು, ಭಾರ ಎತ್ತುವಂತಿರಲಿಲ್ಲ. ಅಪ್ಪ ಎಲ್ಲರ ಹಿಂದೆ, ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು ನಿಂತಿದ್ದರು. ನಿಂತಲ್ಲಿಂದಲೇ ದೊಡ್ಡಪ್ಪನ ಹಿರಿಮಗನಿಗೆ, ನೀನೇ ಎತ್ಕೊಳ್ಳೋ, ಹುಷಾರು ಎಂದರು. ಚಿಕ್ಕಂದಿನಲ್ಲಿ ನನ್ನ ಸರದಿ ಬಂದಾಗ ನಿಲ್ಲುತ್ತಿದ್ದ ಅದೇ ಮನುಷ್ಯ, ಅದೇ ಜೇಬು. ಮದುಮಗಳು ಬಾಯಿ ಬಿಡಬಾರದೆಂದು ಬೆಳಗಿನಿಂದ ಎಲ್ಲರೂ ನನಗೆ ಪಾಠ ಹೇಳಿದ್ದರು. ಆದರೂ ಬಾಯಿ ಬಿಟ್ಟೆ.

"ಚಿಕ್ಕಪ್ಪ ಎತ್ಕೊಂಡ್ರೆ ಬತ್ತೀನಿ. ಇಲ್ದಿದ್ರೆ ಇಲ್ಲೇ ಕೂತಿರ್ತೀನಿ."

ಎಲ್ಲರೂ ಅಜ್ಜಿಯನ್ನು ನೋಡಿದರು. ಅಪ್ಪನೂ ನೋಡಿದರು. ಯುದ್ಧದಲ್ಲಿ ಲಾರಿ ಓಡಿಸಿದ ಆ ಮನುಷ್ಯನ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದೊಂದೇ ಸಲ ಕಂಡದ್ದು. ಅಜ್ಜಿ ಕುರ್ಚಿಯಲ್ಲಿ ಕೂತವಳು ತನ್ನ ಶಾಲನ್ನು, ಅಪ್ಪ ತಂದುಕೊಟ್ಟಿದ್ದ ಅದೇ ಉಣ್ಣೆಯ ಶಾಲನ್ನು, ಸರಿಮಾಡಿಕೊಂಡಳು. ಆಮೇಲೆ ಕುರ್ಚಿಯನ್ನೇ ಗೋಡೆಯ ಕಡೆಗೆ ತಿರುಗಿಸಿ ಕೂತಳು.

"ನಂಗೆ ಕಣ್ಣು ಮಂಜಾಗೈತೆ. ಯಾರು ಎತ್ಕೊಂಡ್ರೋ ಏನೋ, ನಂಗೊಂದೂ ಕಾಣಲ್ಲ," ಎಂದಳು.

ಹಿಂದಿನ ದಿನವಷ್ಟೇ ಮದುವೆ ಅಡುಗೆಯ ಅಕ್ಕಿಯಲ್ಲಿ ಕಲ್ಲಿದೆಯೆಂದು ಎರಡು ಮಾರು ದೂರದಿಂದ ಕಂಡು ಅಡುಗೆಯವರ ಗ್ರಹಚಾರ ಬಿಡಿಸಿದ್ದ ಕಣ್ಣು ಅದು.

ದೊಡ್ಡಪ್ಪ ಅಪ್ಪನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ಅವರ ಕಣ್ಣಲ್ಲಿ ನೀರಿತ್ತು, ಬೇಜಾರಿರಲಿಲ್ಲ. ತಮ್ಮ ಇಷ್ಟು ವರ್ಷ ಯಾರಿಗಾಗಿ ಹಿಂದೆ ನಿಂತನೋ ಆ ಅಣ್ಣನೇ ಅವನನ್ನು ಮುಂದೆ ತಂದ. ಅಪ್ಪ ಬಗ್ಗಿ ನನ್ನನ್ನು ಎತ್ತಿಕೊಂಡರು. ರೇಷ್ಮೆ ಸೀರೆ, ಒಡವೆ, ಹೂವಿನ ಹಾರ ಎಲ್ಲ ಸೇರಿ ನಾನೇನು ಹಗುರವಿರಲಿಲ್ಲ. ಅವರ ಉಸಿರು ಭಾರವಾಗಿ ಬರುವುದು ಕಿವಿಗೆ ಕೇಳುತ್ತಿತ್ತು. ಸೋದರಮಾವ ಕೋಲೂರಿಕೊಂಡು ಪಕ್ಕದಲ್ಲೇ ಬಂದು ಶಾಸ್ತ್ರಕ್ಕೆಂದು ನನ್ನ ಹೆಗಲು ಮುಟ್ಟಿಕೊಂಡಿದ್ದ. ಛತ್ರದ ತುಂಬ ಜನ ಎದ್ದು ದಾರಿ ಬಿಟ್ಟರು. ಹಸೆಮಣೆ ಹತ್ತಿರದಲ್ಲೇ ಇತ್ತು. ಅಪ್ಪ ಮೆಲ್ಲಗೆ, ಒಂದು ಹೆಜ್ಜೆ ಊರಿ ಆಮೇಲೆ ಇನ್ನೊಂದು ಎತ್ತುವಷ್ಟು ಮೆಲ್ಲಗೆ ನಡೆದರು.

ಆಗ ನನಗೆ ಬಾವಿಯಿಂದ ಬಣವೆಯವರೆಗಿನ ದಾರಿ ನೆನಪಾಯಿತು. ನನ್ನನ್ನು ಹೊತ್ತಾಗ ಮಾತ್ರ ಯಾಕೆ ನಡೆಯುತ್ತಿದ್ದರೆಂದು ಅಷ್ಟು ವರ್ಷದ ಮೇಲೆ ತಿಳಿಯಿತು. ಓಡಿದರೆ ಬಣವೆ ಬಂದುಬಿಡುತ್ತಿತ್ತು. ಅಳಬಾರದೆಂದಿದ್ದವಳು ಅತ್ತುಬಿಟ್ಟೆ, ಕಾಡಿಗೆಯೆಲ್ಲ ಅವರ ಬಿಳಿ ಅಂಗಿಗೆ ಹತ್ತಿತು. ಪುರೋಹಿತರು ಮಂಟಪದಿಂದ, ಮುಹೂರ್ತ ಮೀರುತ್ತೆ, ಬೇಗ ಬನ್ನಿ ಎಂದು ಕೂಗಿದರು.

"ನನ್ ಮಗಳು ಕಣ್ರೀ," ಎಂದರು ಅಪ್ಪ, ಇಡೀ ಛತ್ರಕ್ಕೆ ಕೇಳುವ ಹಾಗೆ. "ನಿಧಾನ್ವಾಗೇ ತತ್ತೀನಿ."

ಹಸೆಮಣೆಯ ಮೇಲೆ ಇಳಿಸಿದವರು ಅಲ್ಲಿ ನಿಲ್ಲಲಿಲ್ಲ. ಆಮೇಲೆ ನೋಡಿದರೆ ಊಟದ ಪಂಕ್ತಿಯಲ್ಲಿ, ಕಾಡಿಗೆ ಹತ್ತಿದ ಅಂಗಿಯಲ್ಲೇ ಪಲ್ಯ ಬಡಿಸುತ್ತಿದ್ದರು. ಅಂಗಿ ಬದಲಾಯಿಸಿ ಎಂದು ಅಮ್ಮ ಹೇಳಿದರೂ ಕೇಳಲಿಲ್ಲವಂತೆ.

ಮಾರನೆಯ ವರ್ಷ ನನಗೆ ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆ ತರೀಕೆರೆಯವರೆಲ್ಲ ಅಜ್ಜಂಪುರಕ್ಕೆ ಬಂದಿದ್ದರು. ಜಗಲಿಯ ಒಂದು ಕಡೆ ನಮ್ಮಜ್ಜಿ, ಇನ್ನೊಂದು ಕಡೆ ನನ್ನ ಮಾವನವರು. ಅವರ ಮನೆಯಲ್ಲೂ ಇದೇ ಪದ್ಧತಿ. ಮಗು ನನ್ನ ಕೈಯಿಂದ ದೊಡ್ಡಪ್ಪನ ಕೈಗೆ, ಅಲ್ಲಿಂದ ನನ್ನ ಭಾವನ ಕೈಗೆ, ಅಣ್ಣಂದಿರ ಕೈಗೆ ಹೋಗಿ ಬಂತು. ನನ್ನ ಗಂಡ ಕಂಬದ ಹತ್ತಿರ ನಿಂತು ದೂರದಿಂದ ನೋಡುತ್ತಿದ್ದರು. ಎರಡೂ ಕೈ ಜೇಬಿನಲ್ಲಿ. ಅದು ನನ್ನ ಕಣ್ಣಿಗೆ ಬಿತ್ತು.

ಅಪ್ಪನೂ ಅದನ್ನು ಕಂಡರು. ಎದ್ದು ಬಂದು ಮಗುವನ್ನು ತೆಗೆದುಕೊಂಡು ನೇರವಾಗಿ ಕಂಬದ ಹತ್ತಿರ ಹೋದರು. ನನ್ನ ಗಂಡ ಕಸಿವಿಸಿಯಿಂದ ತಮ್ಮ ಅಪ್ಪನ ಕಡೆಗೊಮ್ಮೆ, ಅಜ್ಜಿಯ ಕಡೆಗೊಮ್ಮೆ ನೋಡಿ ಹಿಂದೆ ಸರಿದರು. ಅಜ್ಜಿ ಮೊರದಲ್ಲಿದ್ದ ಕಾಳಿನಿಂದ ಕಣ್ಣು ಎತ್ತಲೇ ಇಲ್ಲ.

"ಈಗ್ಲೇ ಎತ್ಕೊಂಬಿಡಿ ಅಳಿಯಂದ್ರೆ," ಎಂದು ಅಪ್ಪ ಅವರ ಕೈ ಜೇಬಿನಿಂದ ಬಿಡಿಸಿ ಮಗುವನ್ನು ಇಟ್ಟು, ನನ್ನ ಕಡೆ ನೋಡಿದರು. "ನಾನು ಎತ್ಕೊಳ್ಳೋ ಹೊತ್ಗೆ ಇವ್ಳು ಬಲೇ ಭಾರ ಆಗ್ಬಿಟ್ಟಿದ್ಲು."